ಸಾಕು ಎನ್ನುವ ಹನಿ

ಹಾವೇರಿಯ ಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿಯೊಂದು ನಡೆಯಿತು: ಕ್ಷೌರದ ಯಮನೂರಪ್ಪನ ಕತ್ತಿ ಹೆಡ್‌ಮಾಸ್ಟರ್ ಗುರುಪಾದಯ್ಯನವರ ಕೆನ್ನೆಗೆ ಸಾಸಿವೆಯಷ್ಟು ತಾಗಿತು. ಎಂದಿನಂತೆ ಅವನು, ಜೀವಕೋಶಗಳಿಗೆ ‘ಬೆಳೆಯಿರಿ’ ಎಂದು ಹೇಳುವ ಪ್ರೋಟೀನಿನ ಹನಿ ಹಚ್ಚಿದ. ಗಾಯ ಕೂಡಿದೊಡನೆ ‘ಸಾಕು’ ಎನ್ನುವ ಹನಿ ಬೀಳದಿದ್ದರೆ ಕೆನ್ನೆ ಬೆಳೆಯುತ್ತಲೇ ಹೋಗುತ್ತದೆ. ಹೋದ ವರ್ಷ ಹೀಗೆ ಬೆಳೆದ ಒಂದು ಮೂಗಿನಿಂದಾಗಿ ಎದುರಿನ ಕ್ಷೌರದಂಗಡಿಗೆ ಬೀಗ ಬಿದ್ದಿತ್ತು.

“ಎರಡು ನಿಮಿಷ ಕುಂಡ್ರಿ ಸರ, ಇನ್ನೊಂದು ಹನಿ ಐತಿ.”

“ನನಗ ಕಲಿಸ್ತೀಯೇನೋ? ಬಸ್ ಹೊಂಟೈತಿ!” ಎನ್ನುತ್ತ ಮೇಷ್ಟ್ರು ಎದ್ದೋಡಿದರು.

ಯಮನೂರಪ್ಪ ‘ಸಾಕು’ ಹನಿಯ ಸೀಸೆ ಹಿಡಿದು ಬೆನ್ನಟ್ಟಿದ. ಬಸ್ಸಿನ ಕಿಟಕಿಯಲ್ಲಿ ಕಂಡ ಕೆನ್ನೆ ಆಗಲೇ ನಿಂಬೆಹಣ್ಣನ್ನು ಮೀರಿ ಕಿತ್ತಳೆಯತ್ತ ಸಾಗಿತ್ತು. ಬಸ್ಸು ಹೊರಟೇಬಿಟ್ಟಿತು. ಅವನು ಓಡುತ್ತಲೇ ಸೀಸೆಯನ್ನು ಅವರ ಕೈಗೆ ತುರುಕಿ ಕೂಗಿದ: “ಒಂದೇ ಹನಿರೀ ಸರ!”

ಯಾರ ಮಾತನ್ನೂ ಕೇಳಿ ಅಭ್ಯಾಸವಿಲ್ಲದ ಮೇಷ್ಟ್ರು ಇಡೀ ಸೀಸೆಯನ್ನು ಮುಖಕ್ಕೆ ಸುರಿದುಕೊಂಡರು.

ಕೆನ್ನೆ ಬೆಳೆಯುವುದು ನಿಂತಿತು. ಗಡ್ಡ ಬೆಳೆಯುವುದೂ ನಿಂತಿತು. ಯಮನೂರಪ್ಪನಿಗೆ ಒಬ್ಬ ಗಿರಾಕಿ ಕಡಿಮೆಯಾದ.