ದೊಡ್ಡ ಡಾಕ್ಟರು ಬಂದರು

ಮಲಕವ್ವ ಡೈಪರನ್ನು ಬೀಸಿ ಎಸೆದಳು. "ಅಯ್ಯಯ್ಯೋ, ನನ್ನ ಇಡ್ಲಿ!" ಎಂದು ಎದುರು ಮಂಚದ ಮುದುಕಿ ಕೂಗಿಕೊಂಡಳು. ಪುಣ್ಯಕ್ಕೆ ಅದು ಆಗಷ್ಟೇ ಪ್ಯಾಕೆಟ್ಟಿನಿಂದ ತೆಗೆದ ಹೊಸ ಡೈಪರು.

"ನಲವತ್ತಾರು ವರ್ಷ ಆತು ನನಗ. ಇದನ್ನ ಕಟ್ಗೊಂಡು ಮಲಗಾಕ ನಾ ಏನ್ ಕೂಸೇನ್ರಿ? ನನ್ನ ಕೋಲು ಕೊಡ್ರಿ. ಪಾಯಖಾನಿ ಇಲ್ಲಿಂದ ಹನ್ನೊಂದು ಹೆಜ್ಜಿ ಐತಿ, ಮೊದಲನೇ ದಿನಾನ ಎಣಿಸೇನಿ."

"ಅಕ್ಕ, ನಿಮಗೆ ಕಣ್ಣು ಕಾಣಲ್ಲ, ಹೊಟ್ಟೇಲಿ ಹೊಲಿಗೆ ಇದೆ, ಜೊತೆಗೆ ಅಟೆಂಡರ್ ಬೇರೆ ಇಲ್ಲ," ಎಂದಳು ನರ್ಸ್ ಬಿಂದುಶ್ರೀ. "ನೀವು ಬಿದ್ರೆ ನನ್ನ ಕೆಲಸ ಹೋಗುತ್ತೆ. ದೊಡ್ಡ ಡಾಕ್ಟರ್ ಬರ್ದುಕೊಟ್ರೆ ಮಾತ್ರ ಕೋಲು."

"ಎಲ್ಲಿ ಅದಾರ ಅವರು?"

"ಬರ್ತಾರೆ."

"ಮೂರು ದಿನದಿಂದ ಬರಾಕತ್ತಾರ. ಯಾ ಊರಿಂದ ನಡ್ಕೋತ ಬರಾಕತ್ತಾರ?"

ಮಲಕವ್ವ ಹುಟ್ಟಾ ಕುರುಡಿ. ಬಾಗಲಕೋಟೆ ಕಡೆಯಿಂದ ಬಂದು ಹೆಬ್ಬಗೋಡಿಯಲ್ಲಿ ಬಾಡಿಗೆ ರೂಮು ಹಿಡಿದು, ಹದಿನೆಂಟು ವರ್ಷದಿಂದ ಒಂದು ವರ್ಕ್‌ಶಾಪಿನಲ್ಲಿ ನಟ್ಟು ಬೋಲ್ಟು ಬೇರ್ಪಡಿಸುವ ಕೆಲಸ ಮಾಡುತ್ತಿದ್ದಳು. ಕಣ್ಣಿರುವವರೇ ನಡುಗುವ ಹೊಸೂರು ರಸ್ತೆಯನ್ನು ದಿನಕ್ಕೆರಡು ಸಲ ಒಬ್ಬಳೇ ದಾಟುವವಳು. ಅಪೆಂಡಿಕ್ಸ್ ನೋವೆಂದು ಈ ಆಸ್ಪತ್ರೆಗೆ ಬಂದದ್ದೇ ತಪ್ಪಾಯಿತು. ಆಪರೇಷನ್ ಆದ ಕೂಡಲೇ ಕೈಗೊಂದು ಪಟ್ಟಿ ಕಟ್ಟಿ, ಬೀಳುವ ಅಪಾಯವಿದೆ ಎಂದು ಕೋಲನ್ನು ಸ್ಟೋರಿನೊಳಗೆ ಇಟ್ಟು ಬೀಗ ಹಾಕಿದ್ದರು. ಕಣ್ಣಿಲ್ಲದವಳಿಗೆ ಕಾಲೂ ಇರುವುದಿಲ್ಲ ಎಂದು ಇವರಿಗೆ ಯಾವ ಕಾಲೇಜಿನಲ್ಲಿ ಕಲಿಸಿದರೋ.

"ಹಂಗಾದ್ರ ಅವರು ಬರೋತನಕ ನಾ ಗುಳಿಗಿ ನುಂಗಂಗಿಲ್ಲ," ಎಂದು ಮಲಕವ್ವ ಬಾಯಿ ಬಿಗಿದಳು. ಬಿಂದುಶ್ರೀ ಬೇಡಿದಳು, ಗದರಿದಳು, ಕೊನೆಗೆ ಕಾರಿಡಾರಿಗೆ ಹೋಗಿ ಯಾರೊಂದಿಗೋ ಪಿಸುಗುಟ್ಟಿದಳು.

ಅರ್ಧ ಗಂಟೆಯ ಮೇಲೆ ಬಂದು, "ಅಕ್ಕ, ದೊಡ್ಡ ಡಾಕ್ಟರ್ ಪರಮಾನಂದ ಸಾರ್ ಬಂದಿದಾರೆ," ಎಂದಳು.

"ಏನಮ್ಮಾ, ಹೇಗಿದ್ದೀಯ?" ಕೊಡದೊಳಗೆ ಬಾಯಿಟ್ಟು ಮಾತಾಡಿದಂಥ ದನಿ.

"ದೇವರು ಬಂದಂಗ ಬಂದ್ರಿ!" ಮಲಕವ್ವ ಕೈಮುಗಿದು, ತಡಕಾಡಿ, ಬಂದವನ ಮುಂಗೈ ಹಿಡಿದಳು. ಮುಂಗೈಗೆ ಒಂದು ದಾರ ಕಟ್ಟಿತ್ತು. ಮೂರು ಗಂಟು, ಅದರಲ್ಲೊಂದು ಬಿಚ್ಚಿಕೊಂಡು ನಾರುನಾರಾಗಿತ್ತು. ಎಳೆಯಷ್ಟು ವ್ಯತ್ಯಾಸವಿರುವ ಬೋಲ್ಟುಗಳನ್ನೇ ಬೇರೆ ಮಾಡುವ ಹೆಬ್ಬೆರಳಿಗೆ ಇದೇನು ಮಹಾ? ನಿನ್ನೆ ರಕ್ತ ತೆಗೆಯುತ್ತೇನೆಂದು ನರ ಸಿಗದೆ ಮೂರು ಕಡೆ ಚುಚ್ಚುತ್ತಿದ್ದಾಗ ಮಲಕವ್ವ ನೋವಿಗೆ ಗಟ್ಟಿಯಾಗಿ ಹಿಡಿದುಕೊಂಡಿದ್ದು ಇದೇ ಮುಂಗೈಯನ್ನು. ಡ್ಯೂಟಿ ಡಾಕ್ಟರು ಲಿಖಿತನದು.

ನಗು ಹೊಲಿಗೆಯವರೆಗೆ ಉಕ್ಕಿ ಬಂತು. ಹೊಟ್ಟೆ ಒತ್ತಿ ಹಿಡಿದು ತಡೆದಳು.

"ಸಾಹೇಬ್ರ, ಇಲ್ಲಿ ನಿಮ್ಮ ಮಾತಿನ ಮ್ಯಾಲೆ ಯಾರ ಮಾತೂ ನಡ್ಯಂಗಿಲ್ಲ, ಹೌದಲ್ರಿ?"

"ಹೌ... ಹೌದು. ನಡೆಯಲ್ಲ."

"ಹಂಗಾದ್ರ ಬರೀರಿ. ಮಲಕವ್ವಗ ಕೋಲು ಕೊಡ್ರಿ, ಡೈಪರ್ ಬ್ಯಾಡ ಅಂತ."

ಬಿಂದುಶ್ರೀ ಜೋರಾಗಿ ಕೆಮ್ಮಿದಳು.

"ನಾಳೆ ನೋಡೋಣಮ್ಮ..."

"ನೋಡೋಣ ಅನ್ನೋದು ಸಣ್ಣ ಡಾಕ್ಟರ ಮಾತ್ರಿ. ನಿನ್ನೆ ಒಬ್ಬವ ಬಂದಿದ್ದ, ಮೂರು ಸಲ ಚುಚ್ಚಿದ. ಅಂಥ ದಡ್ಡನ್ನ ಹುಟ್ಟಿದಾಗಿಂದ ನೋಡಿಲ್ಲ ನಾನು. ಸಿಸ್ಟರ್, ಅವನ ಹೆಸರು ಹೇಳ್ರಿ. ಸಾಹೇಬ್ರು ಇವತ್ತ ಅವನ್ನ ಮನಿಗೆ ಕಳಸ್ಲಿ."

ಪೆನ್ನು ಸರಸರನೆ ಓಡಿದ ಸದ್ದು ಕೇಳಿಸಿತು.

ಹತ್ತು ನಿಮಿಷದಲ್ಲಿ ಕೋಲು ಬಂತು. ಹನ್ನೊಂದೇ ಹೆಜ್ಜೆ. ಮಲಕವ್ವ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಮೂರು ದಿನದ ಮೇಲೆ ಮೊದಲ ಸಲ ಅವಳ ಸುತ್ತ ಯಾರೂ ಇರಲಿಲ್ಲ. ಹೊಲಿಗೆ ಎಳೆದರೂ ಎಳೆಯಲಿ ಎಂದು ಮನಸಾರೆ ನಕ್ಕಳು.

ಮರುದಿನ ಬೆಳಿಗ್ಗೆ ಅವಳು ಕೋಲು ಹಿಡಿದು ಹೊರಟಿದ್ದಾಗ, ಎದುರಿನಿಂದ ದಪ್ಪ ಹಿಮ್ಮಡಿಯ ಬೂಟಿನ ಸದ್ದು ವಾರ್ಡಿನೊಳಗೆ ಬಂತು.

"ಯಾರ್ರೀ ಈ ಪೇಷಂಟ್‌ನ ಇಳಿಸಿರೋದು? ಕೋಲು ಕೊಡಿ ಅಂತ ಹೇಳಿದವರ್ಯಾರು?" ಈ ದನಿಯನ್ನು ಮಲಕವ್ವ ಕೇಳಿಯೇ ಇರಲಿಲ್ಲ.



"ಪರಮಾನಂದ ಡಾಕ್ಟರು ಹೇಳಿದ್ರಿ ಸಾಹೇಬ್ರ. ನಿನ್ನೆ ಅವರ ಬಂದು ಬರ್ದು ಹೋದ್ರಲ್ಲ," ಎಂದಳು ಮಲಕವ್ವ.

"ನಾನೇ ಕಣಮ್ಮ ಪರಮಾನಂದ! ನಿನ್ನೆ ನಾನು ಈ ಕಡೆ ಬಂದೇ ಇಲ್ಲ! ಲಿಖಿತ್, ಏನಿದು?"

ಫೈಲಿನ ಹಾಳೆಗಳು ಮಗುಚಿದವು. ಆಮೇಲೆ ಲಿಖಿತನ ಸಣ್ಣ ದನಿ, ಅವನದೇ ದನಿ, ಹೊರಟಿತು. "ಸಾರ್... ಫೈಲಲ್ಲಿ ನೀವು ನಿನ್ನೇನೂ ಸೇರಿ ಮೂರು ದಿನಾನೂ ಬಂದಿದ್ದೀರಾ ಸಾರ್. ಪೇಷಂಟ್‌ನ ನೋಡಿದ್ದೀರಾ. ದಿನಾ ಫೋನ್ ಮಾಡಿ, ಬಂದೆ ಅಂತ ಬರ್ಕೋ ಅಂತ ನೀವೇ..."

ಫೈಲು ಪಟ್ಟನೆ ಮುಚ್ಚಿಕೊಂಡ ಸದ್ದಾಯಿತು.

"ಹಾಂ... ಹೌದು," ಎಂದರು ದೊಡ್ಡ ಡಾಕ್ಟರು ಕೊನೆಗೆ. "ನೆನಪಾಯ್ತು. ನಾನೇ ಹೇಳಿದ್ದೆ. ಓಡಾಡ್ಲಿ ಬಿಡಿ, ಒಳ್ಳೇದೇ."

ಮಲಕವ್ವ ಕೋಲು ಮುಂದಿಟ್ಟಳು. ಅದು ಟಕ್ ಎಂದು ಅವರ ಬೂಟಿಗೆ ಬಡಿಯಿತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಬೂಟನ್ನು ತಟ್ಟಿ ಅಳತೆ ನೋಡಿದಳು.

"ಒಂಚೂರು ಸರೀರಿ ಸಾಹೇಬ್ರ. ನಿನ್ನೆ ನಿಮ್ಮ ಕಾಲು ಇಷ್ಟು ದೊಡ್ಡವು ಇರಲಿಲ್ಲ."