ಹದಿಮೂರು ಸ್ವರದ ಜೋಗುಳ

ಗಾಯಕಿ ಮಂದಾಕಿನಿಯ ಗಂಡ ಹಾರ್ಮೋನಿಯಂನ ರೀಡುಗಳನ್ನೆಲ್ಲ ಅರದಿಂದ ಉಜ್ಜಿ ಶ್ರುತಿ ಬದಲಿಸಿ, ಒಂದು ಸ್ಥಾಯಿಯಲ್ಲಿ ಹನ್ನೆರಡು ಸ್ವರಸ್ಥಾನಗಳಿರಬೇಕಾದ ಕಡೆ ಹದಿಮೂರನ್ನು ಸಮ ಅಂತರದಲ್ಲಿ ತುರುಕಿದ್ದ. ಎಂದೂ ಕದಲಬಾರದ ಪಂಚಮವೇ ಮೇಲಕ್ಕೆ ಜಾರಿಕೊಂಡಿತ್ತು.

“ಹನ್ನೆರಡರಲ್ಲೇ ಲೋಕ ಒದ್ದಾಡ್ತಿದೆ, ನಿಮಗೆ ಹದಿಮೂರು ಬೇಕಿತ್ತೇನ್ರೀ?” ಎಂದು ಮಂದಾಕಿನಿ ಆಗ ನಕ್ಕಿದ್ದಳು. ಅವಳು ಕಛೇರಿಗೆಂದು ಊರೂರು ಸುತ್ತುವಾಗ ಮಗಳನ್ನು ಅವನು ಆ ಪೆಟ್ಟಿಗೆ ನುಡಿಸಿಯೇ ಮಲಗಿಸುತ್ತಿದ್ದ.

ಈ ಸಲ ಅವಳು ಮರಳಿದಾಗ ಮೂರು ವರ್ಷದ ಮಗಳು ಗೊಂಬೆಗೆ ಜೋಗುಳ ಹಾಡುತ್ತಿದ್ದಳು. ಮಂದಾಕಿನಿ ಬಾಗಿಲಲ್ಲೇ ನಿಂತು ಕಿವಿಗೊಟ್ಟಳು. ಮಕ್ಕಳ ಅಪಸ್ವರ ಒಮ್ಮೆ ಇಲ್ಲಿ ಬಿದ್ದರೆ ಇನ್ನೊಮ್ಮೆ ಅಲ್ಲಿ ಬೀಳುತ್ತದೆ. ಇವಳ ಪಂಚಮ ಪ್ರತಿ ಸಲವೂ ಅದೇ ತಪ್ಪು ಜಾಗದಲ್ಲಿ ಅಲುಗದೆ ನಿಲ್ಲುತ್ತಿತ್ತು.

“ಮಗು ಕಣೇ, ನಾಲ್ಕು ದಿನದಲ್ಲಿ ಮರೀತಾಳೆ,” ಎಂದ ಗಂಡ.

“ಮರೀದಿದ್ರೆ?”

ಅವಳು ಹಾರ್ಮೋನಿಯಂ ಅನ್ನು ಅಟ್ಟಕ್ಕೆ ಹಾಕಿಸಿ, ತಂಬೂರಿಯನ್ನು ಶ್ರುತಿ ಮಾಡಿ, ಮಗಳನ್ನು ಎದುರಿಗೆ ಕೂರಿಸಿಕೊಂಡು ಅದೇ ಜೋಗುಳ ಎತ್ತಿಕೊಂಡಳು. ಪಂಚಮಕ್ಕೆ ಬರುತ್ತಿದ್ದಂತೆ ಪುಟ್ಟ ಅಂಗೈಯೊಂದು ಅವಳ ಬಾಯಿ ಮುಚ್ಚಿತು. ಅಮ್ಮ ಶಿಷ್ಯರನ್ನು ತಿದ್ದುವ ದನಿಯಲ್ಲೇ, ಅಷ್ಟೇ ತಾಳ್ಮೆಯಿಂದ ಮಗಳು ಹೇಳಿದಳು:

“ಅಪಸ್ವರ ಬಂತಲ್ಲಮ್ಮ. ಇನ್ನೊಂದ್ಸಲ ಹೇಳು.”