ಅತ್ತಿ ತಿರುವಿದ ಪುಟ

ಮಕ್ಕಳ ಓದಿನ ಬಗ್ಗೆ ಜೀವಮಾನವಿಡೀ ಸಂಶೋಧನೆ ಮಾಡಿದ ನಮ್ಮ ಸೋದರತ್ತೆ, ನಾವು ಕರೆಯುತ್ತಿದ್ದಂತೆ ಅತ್ತಿ, ಹೋದ ತಿಂಗಳು ತೀರಿಕೊಂಡಳು. ಒಣ ಮೆಣಸಿನಕಾಯಿಯ ಘಾಟು ಬಂದರೆ ಈಗಲೂ ಗಡಹಿಂಗ್ಲಜದ ಮನೆಯ ಉಗ್ರಾಣದಲ್ಲಿ ಅವಳ ಪಕ್ಕ ಕೂತಂತಾಗುತ್ತದೆ.

ಕೊಲ್ಹಾಪುರ ಇನ್ನೂ ಸಂಸ್ಥಾನವಾಗಿದ್ದ ಕಾಲ; ನಮ್ಮೂರು ಅದಕ್ಕೆ ಸೇರಿತ್ತು. ಅತ್ತಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದಳು. ಮಕ್ಕಳು ಹೇಗೆ ಕಲಿಯುತ್ತಾರೆಂದು ಅಭ್ಯಾಸ ಮಾಡಲು ಕೊಲ್ಹಾಪುರಕ್ಕೆ ಹೋಗುತ್ತೇನೆಂದಳು.

"ಕಲಿಸಾಕಿಗೆ ಮತ್ತೇನ ಕಲಿಯೋದೈತಿ?" ಎಂದು ಅಜ್ಜ ನಕ್ಕರು. ಆಮೇಲೆ ನನ್ನತ್ತ ಕೈ ತೋರಿಸಿ, "ಇಕಿಗೆ ಮರಾಠಿ ಓದಾಕ ಬರಂಗಿಲ್ಲ. ಇವತ್ತ ಸಂಜಿಗೆ ಇಕಿ ಓದಿದ್ರ ನೀ ಹೋಗು" ಎಂದರು.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಪುಸ್ತಕ ತೆರೆದರೆ ಮೊದಲ ಸಾಲಿನಲ್ಲೇ ನಿಂತುಬಿಡುತ್ತಿದ್ದೆ. ಮೆಣಸಿನಕಾಯಿ ಚೀಲಗಳ ನಡುವೆ ಕೂರಿಸಿಕೊಂಡು ಅತ್ತಿ ಒಂದೇ ಪಾಠವನ್ನು ಮತ್ತೆ ಮತ್ತೆ ಹೇಳಿಸಿದಳು. ಇಬ್ಬರೂ ಸೀನುತ್ತಿದ್ದೆವು. ಬಾಗಿಲಾಚೆ ಅಜ್ಜನ ಚಪ್ಪಲಿಯ ಸದ್ದು ಅತ್ತಿಂದಿತ್ತ ಓಡಾಡುತ್ತಿತ್ತು.

ಸಂಜೆ ಅಜ್ಜನೆದುರು ತಡವರಿಸದೆ ಒಪ್ಪಿಸಿದೆ. ಬೆರಳು ಸಾಲಿನ ಮೇಲಿತ್ತು, ಕಣ್ಣು ಅತ್ತಿಯ ಮೇಲಿತ್ತು.

"ಶಾಬಾಸ್. ಹೋಗಿ ಬಾರವ್ವಾ" ಎಂದರು ಅಜ್ಜ.

ಅತ್ತಿ ಏಳಲಿಲ್ಲ. ಮುಂದಿನ ಪುಟ ತಿರುವಿ ನನ್ನ ಮುಂದಿಟ್ಟಳು. ನಾನು ಮತ್ತೆ ಹಳೆಯ ಪಾಠವನ್ನೇ ಹೇಳತೊಡಗಿದೆ.

"ಇಕಿ ಓದಲಿಲ್ರಿ ಅಪ್ಪಾ, ಬಾಯಿಪಾಠ ಹೇಳಿದಳು. ಓದಾಕ ಯಾಕ ಬರವಲ್ದು, ನನಗೂ ಗೊತ್ತಿಲ್ಲ. ಅದನ್ನ ತಿಳ್ಕೊಳ್ಳಾಕ ಹೊಂಟಿದ್ದೆ."

"ಹಂಗಾರ ಈ ವರ್ಷ ಬ್ಯಾಡ" ಎಂದು ಅಜ್ಜ ಎದ್ದುಹೋದರು.

ಅತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಹತ್ತಿರ ಸರಿದಳು. "ಯಾವ ಅಕ್ಷರದಾಗ ನಿಂತಿ, ತೋರಸು" ಎಂದಳು.